ಏರೂದಕಿಂತ ಮದಲ ಇಳಿಯೂದು: ಏಳು ವರ್ಷದ ಹುಡುಗಿಯ ಕುದರಿ ಸವಾರಿ ಪ್ರಕರಣ

ಮಕ್ಕಳಿಗೆ ಕುದರಿ ಸವಾರಿ ಕಲಸಬೇಕು ಅಂತ ನಮ್ಮ ವಿಜಯಪುರ ಕಡೆ ಈಗ ಭಾಳ ಮಂದಿ ಕೇಳಾಕತ್ತಾರ, ಅದಕ್ಕ ಈ ಒಂದು ಕೇಸ್ ಪೂರಾ ಬರದ ಇಡಾಕತ್ತೀನಿ. ಮನಿಯವರ ಒಪ್ಪಿಗಿ ತಗೊಂಡೀನಿ. ಹೆಸರು, ಓಣಿ, ಸಾಲಿ ಯಾವುದೂ ಹಾಕಂಗಿಲ್ಲ. ಹುಡುಗಿಗೆ ಪುಟ್ಟಿ ಅಂತೀನಿ, ಕಲಸಿದವರಿಗೆ ಉಸ್ತಾದ್ ಅಂತೀನಿ. ಕುದರಿ ಹೆಸರೂ ಬದ್ಲಿ ಮಾಡೀನಿ, ಯಾಕಂದ್ರ ನಮ್ಮೂರಾಗ ಮಾಲಕನ ಹೆಸರಿಗಿಂತ ಕುದರಿ ಹೆಸರು ಹೇಳಿದ್ರ ಅಡ್ರೆಸ್ ಜಲ್ದಿ ಸಿಗತೈತಿ. ನಾನು ಉಸ್ತಾದ್ ಕಡೆ ಬೆಳಿಗ್ಗಿ ಹೊತ್ತಿನ್ಯಾಗ ಹಗ್ಗ ಹಿಡಿಯೂದು, ತಡಿ (ಕುದರಿ ಬೆನ್ನ ಮ್ಯಾಲ ಹಾಕೂ ಜೀನು) ಬಿಗಿಯೂದು, ಮಕ್ಕಳ ಬಾಜೂಕ ನಡಿಯೂದು ಮಾಡ್ತೀನಿ, ಹಂಗಾಗಿ ಇಲ್ಲಿ ಬರದದ್ದು ಬಹುತೇಕ ನಾ ಕಣ್ಣಾರೆ ನೋಡಿದ್ದು, ಮದುವಿ ದಿನದ್ದು ಮತ್ತ ಅದರ ಮರುದಿನದ್ದು ಮಾತ್ರ ಅಕಿ ಅವ್ವ ಹೇಳಿದ್ದು.

ಪುಟ್ಟಿಗೆ ಆಗ ಏಳು ವರ್ಷ, ತೂಕ 22 ಕೆಜಿ ಹತ್ರ. ಕುದರಿ ಅಂದ್ರ ಹುಚ್ಚು. ಗೋಳಗುಮ್ಮಟದ ಮುಂದ ಟಾಂಗಾ ನಿಂತಿರತಾವಲ್ಲ, ಅಲ್ಲಿ ಹಾದು ಹೋಗೂ ಮುಂದ ಅಪ್ಪ ಬೈಕ್ ನಿಲ್ಲಸೂತನಾ ಬಿಡತಿದ್ದಿಲ್ಲ. ಬಸವಣ್ಣನವರ ಫೋಟೋ ತೋರಿಸಿದ್ರೂ ಅಕಿ ನೋಡೂದು ಕೆಳಗಿನ ಕುದರಿನ್ನ. ಮುತ್ಯಾ ಬ್ಯಾರೆ ಕುದರಿ ಕಂಡ ಮನಷ್ಯಾ, ಅವರ ಹರೇದಾಗ ಹಳ್ಳಿ ಮನಿ ಮುಂದ ಕುದರಿ ಕಟ್ಟಿರತಿತ್ತಂತ, ಅದಕ್ಕ ಮೊಮ್ಮಗಳ ಹುಚ್ಚಿಗೆ ಅವರದ ಫುಲ್ ಸಪೋರ್ಟ್. ಇಂಥಾ ಹುಡುಗಿ ಕುದರಿ ಗೊರಸಿನ ಸಪ್ಪಳ ಕೇಳಿದ್ರ ಅವ್ವನ ಹಿಂದ ಅಡಗೂ ಮಟ್ಟಕ್ಕ ಬಂದದ್ದು ಕಾಕಾನ ಮದುವಿ ಮೆರವಣಿಗ್ಯಾಗ.

ಮದಿಮಗ ಏರೂಕಿಂತ ಮದಲ ಒಂದು ಫೋಟೋ ಇರಲಿ ಅಂತ ಯಾರೋ ಪುಟ್ಟಿನ್ನ ಎತ್ತಿ ಕುದರಿ ಮ್ಯಾಲ ಕುಂದರಿಸಿದ್ರು. ಹೆಲ್ಮೆಟ್ ಇಲ್ಲ. ರಿಕಾಪು, ಅಂದ್ರ ಸವಾರ ಕಾಲಿಡೂ ಬಳಿ, ದೊಡ್ಡವರ ಅಳತೀದು, ಹುಡುಗಿ ಕಾಲು ಅರ್ಧಕ್ಕ ಜೋತಾಡತಾವ. ಕೈಯಾಗ ಲಗಾಮು ಬ್ಯಾರೆ ಕೊಟ್ಟಾರ, ಫೋಟೋಕ್ಕ ಛಂದ ಕಾಣಲಿ ಅಂತ. ಪುಟ್ಟಿ ಎರಡ್ಮೂರು ಸಲ "ಇಳಸ್ರಿ, ಇಳಸ್ರಿ" ಅಂದಾಳ, ಎಲ್ಲಾರೂ ನಕ್ಕೋತ "ಒಂದ್ ನಿಮಿಷ ತಡಿ, ಇಲ್ನೋಡು" ಅಂದಾರ. ಅಷ್ಟರಾಗ ಬಾಜೂಕಿದ್ದ ಡಿಜೆ ಒಮ್ಮಿಂದೊಮ್ಮೆಲೆ ಚಾಲೂ ಆತು, ಕುದರಿ ಒಂದ್ ಹೆಜ್ಜಿ ಪಕ್ಕಕ್ಕ ಸರೀತು, ಪುಟ್ಟಿ ಅಂಜಿ ಲಗಾಮು ಜಗ್ಗಿದ್ಲು, ಕುದರಿ ತಲಿ ಮ್ಯಾಲಕ್ಕ ಒಗೀತು, ಹುಡುಗಿ ಒಂದು ಕಡೆ ಜಾರಿದ್ಲು. ಕಾಕಾ ಅಲ್ಲೇ ಇದ್ರು, ಹಿಡದ್ರು. ಮೊಣಕೈ ತರಚಿದ್ದು ಬಿಟ್ರ ಪೆಟ್ಟಿಲ್ಲ.

ಎಲ್ಲಾರೂ "ಕುದರಿ ಬೆದರ್ತು" ಅಂತ ಹೇಳಿ ಮುಗಿಸಿದ್ರು. ಆಮ್ಯಾಲ ನಮ್ಮ ಕಡೆ ಬಂದಾಗ ಅವ್ವ ಮೊಬೈಲ್‌ನ್ಯಾಗಿನ ವಿಡಿಯೋ ತೋರಿಸಿದ್ರು, ಉಸ್ತಾದ್ ಅದನ್ನ ನಿಲ್ಲಿಸಿ ನಿಲ್ಲಿಸಿ ನೋಡಿ ಕುದರಿ ಬಾಯಿ ತೋರಿಸಿದ್ರು. ಅದರ ಬಾಯಾಗ ಇದ್ದದ್ದು ಮುಳ್ಳಿನ ಕಡಿವಾಣ, ಅಂದ್ರ ಲಗಾಮಿಗೆ ಹಚ್ಚಿ ಬಾಯೊಳಗ ಹಾಕೂ ಚೂಪು ಮುಳ್ಳಿರೂ ಕಬ್ಬಿಣ. ಭಾರ ಎಳಿಯೂ, ಹೊರೂ ಪ್ರಾಣಿಗಳ ಬಗ್ಗೆ 1965ರಾಗ ಬಂದ ಕೇಂದ್ರದ ನಿಯಮದಾಗ ಮುಳ್ಳಿನ ಕಡಿವಾಣ ಹಾಕಬಾರದು ಅಂತ ಸ್ಪಷ್ಟ ಐತಿ, ಆದ್ರೂ ಮೆರವಣಿಗಿ ಕುದರಿಗೆ ಇನ್ನೂ ಹಾಕ್ತಾರ. ಮಗು ಅಂಜಿ ಲಗಾಮು ಜಗ್ಗಿದ್ರ ಅದು ಬಾಯಿಗೆ ಚುಚ್ಚತೈತಿ, ನೋವಿಗೆ ಕುದರಿ ತಲಿ ಎತ್ತತೈತಿ, ತಲಿ ಎತ್ತಿದ್ರ ಮಗು ಇನ್ನಷ್ಟು ಜಗ್ಗತೈತಿ. ಡಿಜೆ ಸಪ್ಪಳಕ್ಕ ಕುದರಿ ಸರದದ್ದು ಒಂದೇ ಹೆಜ್ಜಿ, ಉಳಿದದ್ದೆಲ್ಲಾ ಬಾಯಿ ನೋವಿಂದು. ಮಗು ಕೈಯಾಗ ಲಗಾಮು ಕೊಟ್ಟಿರಲಿಲ್ಲ ಅಂದ್ರ ಅಕಿ ಜಾರತಿದ್ದಿಲ್ಲೇನೋ.

ಮರುದಿನ ಮುತ್ಯಾ ತಮ್ಮ ಕಾಲದ ಔಷಧ ತಗದ್ರು. ಬಿದ್ದವರು ಅವತ್ತ ಮತ್ತ ಏರಬೇಕು, ಇಲ್ಲಂದ್ರ ಅಂಜಿಕಿ ಜೀವನಪರ್ಯಂತ ಕುಂದ್ರತೈತಿ ಅನ್ನೂದು ಅವರ ವಾದ. ಪರಿಚಯದ ಟಾಂಗಾದವರ ಕುದರಿ ಹತ್ರ ಕರಕೊಂಡು ಹೋದ್ರು, ಎತ್ತಿ ಕುಂದರಿಸಾಕ ನೋಡಿದ್ರು, ಪುಟ್ಟಿ ಚೀರಿ ಮೈಯೆಲ್ಲಾ ಸೆಟಿಸಿ ಅತ್ಲು, ರಾತ್ರಿ ಜ್ವರ. ಮುಂದ ಚಾಕಲೇಟ್, ಗೊಂಬಿ ಕುದರಿ, ಮೊಬೈಲ್‌ನ್ಯಾಗ ಕುದರಿ ವಿಡಿಯೋ ಎಲ್ಲಾ ಆದ್ವು. ಗೊಂಬಿ ತಗೊಂಡ್ಲು, ಜೀವಂತ ಕುದರಿ ಹತ್ರ ಬರಲಿಲ್ಲ. ಆದ್ರ ಒಂದು ವಿಚಿತ್ರ, ನೋಟ್‌ಬುಕ್ಕಿನ್ಯಾಗ ಕುದರಿ ಚಿತ್ರ ತಗಿಯೂದು ನಿಂತಿರಲಿಲ್ಲ. ಅವ್ವ ಅದನ್ನ ಗಮನಿಸಿದ್ರು, ಅದಕ್ಕ ಮಳಿ ಮುಗದು ದಸರಾ ಹೊತ್ತಿಗೆ ನಮ್ಮ ಕಡೆ ಬಂದ್ರು.

ಮದಲನೇ ದಿನ ಅಪ್ಪ ಹೇಳಿದ್ದು, "ನಾನೂ ಕೂಡ ಕುಂದ್ರತೀನ್ರಿ, ಅಕಿನ್ನ ಮುಂದ ಕುಂದರಿಸಿಕೊಂಡು ಎರಡ್ ಸುತ್ತ ಹಾಕ್ತೀನಿ, ಅಂಜಿಕಿ ಹೋಗತೈತಿ." ಕೇಳಾಕ ಛಲೋ ಅನಸತೈತಿ, ಭಾಳ ಮಂದಿ ಹಿಂಗ ಮಾಡ್ತಾರ. ಉಸ್ತಾದ್ ಒಪ್ಪಲಿಲ್ಲ. ನಮ್ಮ ಹೆಣ್ಣ ಕುದರಿ, ಇಲ್ಲಿ ಲಕ್ಷ್ಮಿ ಅಂತ ಕರಿಯೂಣು, ಭೀಮಾ ದಂಡಿ ಕಡೆ ಕುರುಬರು ಕುರಿ ಹಿಂದ ಸಾಮಾನು ಹೊರಸಾಕ ಇಟ್ಟಿರತಾರಲ್ಲ ಆ ಭೀಮಥಡಿ ತಳಿ ತಟ್ಟು, ಎತ್ತರ 13 ಕೈ, ಅಂದ್ರ 52 ಇಂಚು, ತೂಕ 280 ಕೆಜಿ ಆಸುಪಾಸು. ಕುದರಿ ಮ್ಯಾಲ ಹೊರಸೂ ಭಾರ ಅದರ ತೂಕದ ನೂರಕ್ಕ 20ರ ಆಚೆ ಹೋಗಬಾರದು ಅನ್ನೂದು ಸಾಮಾನ್ಯ ಲೆಕ್ಕ, ಅಂದ್ರ ಇದಕ್ಕ 56 ಕೆಜಿ. ಅಪ್ಪ 75, ಮಗಳು 22, ತಡಿ ಒಂದ್ ಎಂಟತ್ತು, ಸೇರಿಸಿದ್ರ ನೂರು ದಾಟತೈತಿ. ಬೆನ್ನ ನೋಯೂ ಕುದರಿ ಶಾಂತ ಇರಂಗಿಲ್ಲ, ಮತ್ತ ಇಬ್ಬರು ಕುಂತಾಗ ಏನರೇ ಆದ್ರ ಅಪ್ಪ ಮಗಳ ಮ್ಯಾಲ ಬೀಳತಾನ. ಅಪ್ಪಂಗ ಇದು ಲೆಕ್ಕ ಹಾಕಿ ಹೇಳಿದ ಮ್ಯಾಲ ತಿಳೀತು, ಮನಸಿಗೆ ಮಾತ್ರ ಬರಲಿಲ್ಲ, ಮಾರಿ ಸಣ್ಣದ ಆತು.

ಪ್ರಕರಣ ತಿರುಗಿದ್ದು ಇದರ ಮುಂದಿನ ಮಾತಿನ್ಯಾಗ. ಉಸ್ತಾದ್ ಪುಟ್ಟಿನ್ನ ಕುದರಿ ಕಡೆ ಒಯ್ಯಲಿಲ್ಲ, ಬೇಲಿ ಈಚೆ ಕಟ್ಟಿ ಮ್ಯಾಲ ತಾವೂ ಕುಂತ್ರು, ಕುದರಿ ದೂರ ಮೇಯಾಕತ್ತಿತ್ತು. ಏನ್ ಬೇಕು, ಏರತೀಯೇನು, ಅಂಜಬ್ಯಾಡ, ಇಂಥಾವು ಯಾವೂ ಕೇಳಲಿಲ್ಲ. "ನಿಂಗ ಏನ್ ಬ್ಯಾಡ, ಅದ್ ಹೇಳು" ಅಂದ್ರು. ಹುಡುಗಿ ಭಾಳ ಹೊತ್ತು ಸುಮ್ನ ಇತ್ತು. ಆಮ್ಯಾಲ ನೆಲಾ ನೋಡ್ಕೋತ "ಇಳಸ್ರಿ ಅಂದ್ರೂ ಇಳಸಲಿಲ್ಲ" ಅಂದ್ಲು.

ಇಷ್ಟು ದಿನ ಮನಿಯವರೆಲ್ಲಾ ಇದು ಕುದರಿ ಅಂಜಿಕಿ ಅಂತ ತಿಳಕೊಂಡು ಕುದರಿ ಛಲೋದು, ಕಚ್ಚಂಗಿಲ್ಲ, ಒದಿಯಂಗಿಲ್ಲ ಅಂತ ಹೇಳ್ಕೋತ ಬಂದಿದ್ರು. ಹುಡುಗಿಗೆ ಸಿಟ್ಟಿದ್ದದ್ದು ದೊಡ್ಡವರ ಮ್ಯಾಲ. ಮುತ್ಯಾನ ಔಷಧ ಯಾಕ ಉಲ್ಟಾ ಆತು ಅನ್ನೂದೂ ಇದರಾಗ ಬಂತು, ಅಲ್ಲೂ ಅಕಿ ಬ್ಯಾಡ ಅಂದದ್ದು ಯಾರೂ ಕೇಳಲಿಲ್ಲ.

ಉಸ್ತಾದ್ ಅಲ್ಲೇ ಎರಡು ಠರಾವು ಮಾಡಿದ್ರು, ಅಪ್ಪ ಅವ್ವನ ಮುಂದ. ಒಂದು, ಪುಟ್ಟಿ "ಸಾಕು" ಅಂದ್ರ ಆ ಕ್ಷಣಕ್ಕ ಇಳಸೂದು, ಇನ್ನೊಂದ್ ಸುತ್ತ, ಅಲ್ಲೀತನಾ, ಫೋಟೋ ತಗೀತೀವಿ ಅಂತ ಯಾರೂ ಚೌಕಾಶಿ ಮಾಡಂಗಿಲ್ಲ. ಎರಡು, ಏರೂದಕಿಂತ ಮದಲ ಇಳಿಯೂದು ಕಲಸೂದು.

ಕುದರಿ ಇಲ್ದ ಇಳಿಯೂದು ಹೆಂಗ ಕಲಸ್ತಾರ ಅಂದ್ರ, ನಮ್ಮಲ್ಲಿ ಒಂದು ಹಳೇ ಆಯಿಲ್ ಡ್ರಮ್ ಐತಿ, ಅಡ್ಡ ಮಲಗಿಸಿ, ಕಟ್ಟಿಗಿ ಚೌಕಟ್ಟಿನ ಮ್ಯಾಲ ಕೂಡಿಸಿ, ಗೋಣಿಚೀಲ ಸುತ್ತಿ, ಮ್ಯಾಲ ತಡಿ ಬಿಗದೀವಿ. ಪುಟ್ಟಿ ಆ ಡ್ರಮ್ ಏರಾಕ ಒಲ್ಲೆ ಅನಲಿಲ್ಲ. ಇಳಿಯೂ ಕ್ರಮ ಹಿಂಗ: ಮದಲ ಎರಡೂ ಕಾಲು ರಿಕಾಪಿನಿಂದ ತಗಿಬೇಕು, ಒಂದಲ್ಲ, ಎರಡೂ. ಎಡಗೈ ಕುತ್ತಿಗಿ ಕೂದಲಿನ ಮ್ಯಾಲ, ಮೈ ಮುಂದಕ್ಕ ಬಗ್ಗಸಬೇಕು, ಬಲಗಾಲು ಹಿಂದಿನಿಂದ ದಾಟಸಿ, ಹೊಟ್ಟಿ ತಡಿಗೆ ಒತ್ತಿ, ಸರ್ರನ ಕೆಳಗ ಜಾರಬೇಕು, ನೆಲ ಮುಟ್ಟೂ ಮುಂದ ಮೊಣಕಾಲು ಮಡಚಿರಬೇಕು. ದೊಡ್ಡವರು ಎಡಗಾಲು ರಿಕಾಪಿನ್ಯಾಗ ಇಟ್ಟು ಇಳೀತಾರ, ಸಣ್ಣ ಮಕ್ಕಳಿಗೆ ಅದು ಬ್ಯಾಡ, ಆ ಹೊತ್ತಿಗೆ ಕುದರಿ ಹೆಜ್ಜಿ ಹಾಕಿದ್ರ ಕಾಲು ಸಿಕ್ಕಿ ಎಳಕೊಂಡು ಹೋಗತೈತಿ. ಇದೇ ಕಾರಣಕ್ಕ ಸ್ಪೋರ್ಟ್ಸ್ ಶೂ ಬ್ಯಾಡ ಅಂತೀವಿ, ಸಣ್ಣ ಹಿಮ್ಮಡಿ ಇರೂ ಬೂಟು ಇದ್ರ ಕಾಲು ರಿಕಾಪಿನಿಂದ ಪಾರಾಗಿ ಮುಂದ ಹೋಗಂಗಿಲ್ಲ. ಪುಟ್ಟಿ ಸಾಲಿ ಬೂಟಿಗೆ ಹಿಮ್ಮಡಿ ಇತ್ತು, ಅದ ಸಾಕಾತು.

ಹೆಲ್ಮೆಟ್ ವಿಷಯಕ್ಕ ಅಪ್ಪ ಸೈಕಲ್ ಹೆಲ್ಮೆಟ್ ತಂದಿದ್ರು. ಅದು ತಲಿ ಹಿಂದಿನ ತಳಭಾಗ ಸರಿಯಾಗಿ ಮುಚ್ಚಂಗಿಲ್ಲ, ಕುದರಿ ಮ್ಯಾಲಿಂದ ಹಿಂದಕ್ಕ ಬೀಳೂದೂ ಇರತೈತಿ, ಅದಕ್ಕ ಸವಾರಿದ್ದ ಬ್ಯಾರೆ ಹೆಲ್ಮೆಟ್ ತರಿಸಬೇಕಾತು, ಆನ್‌ಲೈನ್‌ನ್ಯಾಗ ಸಿಗತಾವ. ಅವ್ವ ಲಸಿಕಿ ಕಾರ್ಡೂ ತಂದಿದ್ರು, 5ನೇ ವರ್ಷದ ಡಿಪಿಟಿ ಬೂಸ್ಟರ್ ಆಗಿತ್ತು. ಲದ್ದಿ, ಮಣ್ಣು ಇರೂ ಜಾಗದಾಗ ಧನುರ್ವಾಯು ಲಸಿಕಿ ಕೇಳೇ ಕೇಳ್ತೀವಿ.

ಡ್ರಮ್ ಮ್ಯಾಲಿನ ಕ್ಲಾಸು ಅಪ್ಪಂಗ ತ್ರಾಸಾತು. "ಫೀಸ್ ಕುದರಿದು ಕೊಡೂದು, ಮಗಳು ಡ್ರಮ್ ಮ್ಯಾಲ" ಅಂತ ನಂಗ ಒಂದ್ಸಲ ಅಂದ್ರು. ಉಸ್ತಾದ್ ಕಿವಿಗೂ ಬಿದ್ದಿರಬೇಕು, ಏನೂ ಅನಲಿಲ್ಲ. ನಾನಂತೂ ಅಪ್ಪನ ಕಡೆನೂ ನ್ಯಾಯ ಐತಿ ಅಂತೀನಿ, ದಿನಾ ಪೆಟ್ರೋಲ್ ಸುಟ್ಟು ಊರ ಹೊರಗ ಬಂದು ಮಗಳು ಡ್ರಮ್ಮಿನಿಂದ ಜಾರೂದು ನೋಡೂದು ಸಣ್ಣ ಮಾತಲ್ಲ.

ಡ್ರಮ್ ಜೋಡಿ ನೆಲದ ಮ್ಯಾಲಿನ ಕೆಲಸ. ಕುದರಿ ಕಣ್ಣು ತಲಿಯ ಎರಡೂ ಬಾಜೂಕ ಇರೂದ್ರಿಂದ ಸುತ್ತಲಿನದು ಬಹುತೇಕ ಕಾಣತೈತಿ, ಹಣೆ ಎದುರಿಗೆ ಮೂಗಿನ ಹತ್ರ ಸ್ವಲ್ಪ ಮತ್ತ ಬಾಲದ ನೇರ ಹಿಂದ ಅಷ್ಟ ಕಾಣಂಗಿಲ್ಲ. ಅದಕ್ಕ ನೇರ ಮುಂದಿಂದ ಮೂಗಿಗೆ ಕೈ ಹಾಕೂದು ಬ್ಯಾಡ, ಹಿಂದಿಂದ ಹೋಗೂದು ಬ್ಯಾಡವೇ ಬ್ಯಾಡ, ಎಡ ಹೆಗಲ ಕಡೆಯಿಂದ ಮಾತಾಡ್ಕೋತ ಹೋಗಬೇಕು. ಪುಟ್ಟಿಗೆ ಉಸ್ತಾದ್ ಇದನ್ನ ಹೇಳಿಕೊಡಲಿಲ್ಲ, ಆಟ ಆಡಸಿದ್ರು: ತಾವು ಲಕ್ಷ್ಮಿ ಸುತ್ತ ದೂರದಿಂದ ನಡೀತಿದ್ರು, ಯಾವ ಜಾಗಕ್ಕ ಹೋದಾಗ ಅದರ ಕಿವಿ ತಿರುಗತೈತಿ ನೋಡಿ ಹೇಳಬೇಕು. ಎರಡ್ಮೂರು ದಿನದಾಗ ಹುಡುಗಿ ನಮಗಿಂತ ಮದಲ "ಕಿವಿ ಹಿಂದ ಹೋದ್ವು, ಸಿಟ್ಟು" ಅಂತ ಹೇಳೂ ಮಟ್ಟಕ್ಕ ಬಂದ್ಲು. ಬಾಜೂಕಿನ ನಾಯಿ ಬಂದಾಗ ನಿಜವಾಗೂ ಲಕ್ಷ್ಮಿ ಕಿವಿ ಚಪ್ಪಟಿ ಮಾಡಿತ್ತು.

ಬೆಲ್ಲ ತಿನಸಿದ ದಿನ ನಾ ಹತ್ರ ಇದ್ದೆ. ಬೆರಳು ಮಡಚಿದ್ರ ಹಲ್ಲಿಗೆ ಸಿಗತಾವ, ಅಂಗೈ ರೊಟ್ಟಿ ತಟ್ಟೂ ಹಂಗ ಚಪ್ಪಟಿ ಇರಬೇಕು, ಹೆಬ್ಬೆರಳು ಬಾಜೂಕ ಒತ್ತಿರಬೇಕು. ಪುಟ್ಟಿ ಕೈ ನಡಗಾಕತ್ತಿತ್ತು, ಬೆಲ್ಲದ ತುಂಡು ಕುಣೀತಿತ್ತು. ಲಕ್ಷ್ಮಿ ತುಟಿ ಮೀಸಿ ಮದಲ ಅಂಗೈ ಸವರಿದ್ವು, ಬೆಚ್ಚಗಿನ ಉಸಿರು ಬಂತು, ತುಟಿ ಬೆಲ್ಲ ಹುಡಕಿ ಎತಗೊಂಡ್ವು, ಹಲ್ಲು ಮುಟ್ಟಲೇ ಇಲ್ಲ. ಹುಡುಗಿ ಅಂಗೈ ಜೊಲ್ಲು ನೋಡಿ "ಛೀ" ಅಂತ ಹೇಳಿ ನನ್ನ ಅಂಗಿಗೆ ಒರಸಿದ್ಲು. ಮತ್ತ ಬೆಲ್ಲ ಕೇಳಿದ್ಲು. ಜಾಸ್ತಿ ಕೊಡಬಾರದು, ಕುದರಿಗೆ ವಾಂತಿ ಮಾಡಾಕ ಬರಂಗಿಲ್ಲ, ಹೊಟ್ಟಿ ಕೆಟ್ರ ಜೀವಕ್ಕ ಬರತೈತಿ.

ಇನ್ನ ಏರಿದ ದಿನ. ಯಾರೂ ಏರು ಅನಲಿಲ್ಲ, ಖರಾರಾ (ಕುದರಿ ಮೈ ತಿಕ್ಕಿ ಸ್ವಚ್ಛ ಮಾಡೂದು) ಮಾಡಿ ಮುಗಿಸಿ ಅಕಿನ "ಇಲ್ಲಿಂದ ಇಳಿಯೂದು ಡ್ರಮ್ಮಿಗಿಂತ ಎತ್ತರೇನು" ಅಂತ ಕೇಳಿದ್ಲು, ಉಸ್ತಾದ್ "ಸ್ವಲ್ಪ ಎತ್ತರ, ನೋಡ್ತೀಯೇನು" ಅಂದ್ರು. ಕಟ್ಟಿ ಮ್ಯಾಲಿಂದ ಏರಿದ್ಲು, ಎತ್ತಿ ಕುಂದರಿಸಲಿಲ್ಲ. ಲಗಾಮು ಕೈಗೆ ಕೊಡಲಿಲ್ಲ, ಕುದರಿ ಕುತ್ತಿಗಿಗೆ ಒಂದು ಪಟ್ಟಿ ಕಟ್ಟಿದ್ವಿ, ಅದನ್ನ ಹಿಡಕೊಂಡ್ಲು. ಉಸ್ತಾದ್ ಮುಂದ ಹಗ್ಗ ಹಿಡದ್ರು, ನಾ ಬಾಜೂಕ. ಕುಂತು ಉಸಿರು ಬಿಡೂದ್ರಾಗ "ಸಾಕು" ಅಂದ್ಲು. ಕುದರಿ ಇನ್ನೂ ಒಂದ್ ಹೆಜ್ಜಿ ಇಟ್ಟಿರಲಿಲ್ಲ. ಅಪ್ಪ ಬೇಲಿ ಆಚೆಯಿಂದ "ಅಷ್ಟ ಅಂದ್ರ ಹೆಂಗ, ಒಂದ್ ಸುತ್ತರೇ..." ಅನ್ನೂದ್ರಾಗ ಉಸ್ತಾದ್ "ಇಳಿ" ಅಂದಿದ್ರು, ಹುಡುಗಿ ಎರಡೂ ಕಾಲು ತಗದು ಜಾರಿ ಇಳಿದಾಗಿತ್ತು.

ಮತ್ತ ಏರಿದ್ಲು. ನಾಕ್ ಹೆಜ್ಜಿ ನಡದ್ವಿ, "ಸಾಕು." ಮತ್ತ ಏರಿದ್ಲು, ಮತ್ತ "ಸಾಕು." ಆ ದಿನ ಅಕಿ ಸವಾರಿ ಕಲೀಲಿಲ್ಲ, ನಾವು ಕೊಟ್ಟ ಮಾತು ಖರೇ ಐತೋ ಇಲ್ಲೋ ಅಂತ ಚೆಕ್ ಮಾಡಿದ್ಲು. ಚೆಕ್ ಮಾಡಿ ಮುಗದ ಮ್ಯಾಲ ಮುಂದಿನ ವಾರದಿಂದ ಸಾಕು ಅನ್ನೂದು ತಾನ ಕಡಿಮಿ ಆಕ್ಕೋತ ಬಂತು, ಪೂರಾ ಸುತ್ತ ಹಾಕಿದ್ಲು, ಕೈ ಬಿಟ್ಟು ಎರಡೂ ಬಾಜೂ ಚಾಚಿ ನಡಿಗಿ ಮ್ಯಾಲ ಕುಂತ್ಲು, ಟಾಯರ್ ಇಟ್ಟ ದಾರ್ಯಾಗ ಸುತ್ತಿ ಬಂದ್ಲು.

ಮುಂದ ಅಡಚಣಿ ಬಂತು. ಕಬ್ಬಿನ ಸೀಜನ್. ಎರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್, ಸ್ಪೀಕರ್ ಫುಲ್ ಇಟ್ಟು, ಬೇಲಿ ಬಾಜೂಕಿನ ರಸ್ತ್ಯಾಗ ಹಾದು ಹೋತು. ಆವತ್ತ ಮುತ್ಯಾನೂ ಬಂದಿದ್ರು, ಅಪ್ಪ ರೀಲ್ ಮಾಡಾಕತ್ತಿದ್ರು. ಲಕ್ಷ್ಮಿ ತಲಿ ಎತ್ತಿತು, ಎರಡೂ ಕಿವಿ ಟ್ರ್ಯಾಕ್ಟರ್ ಕಡೆ ನೆಟ್ಟವು, ಬೆನ್ನು ಬಿಗಿ ಆತು. ಪುಟ್ಟಿ ಪಟ್ಟಿ ಗಟ್ಟಿ ಹಿಡಕೊಂಡು "ಹೋ, ಹೋ" ಅಂದ್ಲು, ದನಿ ನಡಗತಿತ್ತು, ಕುದರಿ ನಿಂತ ಮ್ಯಾಲ "ಸಾಕು" ಅಂತ ಹೇಳಿ ತಾನ ಇಳದು ಅವ್ವನ ಕಡೆ ಓಡಿ ಹೋದ್ಲು. ಬಿದ್ದಿಲ್ಲ, ಅತ್ತಿಲ್ಲ, ಆದ್ರ ಮಾರಿ ಬೆಳ್ಳಗ ಆಗಿತ್ತು.

ಈಗ ಏನ್ ಮಾಡಬೇಕು ಅನ್ನೂದಕ್ಕ ಅಲ್ಲೇ ಜಗಳ. ಮುತ್ಯಾ ಅಂದ್ರು, ಈಗ್ಲೇ ಏರಸ್ರಿ, ಒಂದೇ ಸುತ್ತ, ಇಲ್ಲಂದ್ರ ಮತ್ತ ಮದಲಿನಂಗ ಆಗತೈತಿ. ಉಸ್ತಾದ್ ಒಲ್ಲೆ ಅಂದ್ರು, ಇವತ್ತ ಮನಿಗೆ ಹೋಗಲಿ. ನಾನೂ ಮನಸಿನ್ಯಾಗ ಮುತ್ಯಾನ ಕಡೆ ಇದ್ದೆ, ಈಗೂ ಪೂರಾ ಒಪ್ಪಿಗಿ ಇಲ್ಲ. ಯಾಕಂದ್ರ ಈ ಸಲ ಹುಡುಗಿ ಕೈಯಾಗ ಇಳಿಯೂದಿತ್ತು, ಹತ್ತು ನಿಮಿಷ ಬಿಟ್ಟು ಕೇಳಿದ್ರ ತಾನ ಏರತಿದ್ಲೇನೋ, ಕೇಳೂದೂ ಬ್ಯಾಡ ಅಂದದ್ದು ಉಸ್ತಾದ್ ಹಟ. ಅವರ ಲೆಕ್ಕ ಬ್ಯಾರೆ ಇತ್ತು: ಮುತ್ಯಾ ಎದುರಿಗೆ ನಿಂತಾಗ ಕೇಳಿದ್ರ ಅದು ಕೇಳಿದಂಗ ಆಗಂಗಿಲ್ಲ, ಹುಡುಗಿ ಮುತ್ಯಾನ ಸಲುವಾಗಿ ಹ್ಞೂಂ ಅಂತಾಳ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಅವ್ವ ಒಬ್ರ ಕರಕೊಂಡು ಬಂದ್ರು, ಪುಟ್ಟಿ ಖರಾರಾ ಅಷ್ಟ ಮಾಡ್ತೀನಿ ಅಂದ್ಲು, ಮಾಡಿ ಹೋದ್ಲು. ಆಮ್ಯಾಲ ಬಂದಾಗ ಟ್ರ್ಯಾಕ್ಟರ್ ಬರೂ ಟೈಮ್ ಯಾವಾಗ ಅಂತ ಕೇಳಿದ್ಲು. ನಾವು ಗೇಟಿನ ಹತ್ರ ಲಕ್ಷ್ಮಿನ್ನ ನಿಲ್ಲಿಸಿ ಹುಲ್ಲು ಹಾಕಿದ್ವಿ, ಟ್ರ್ಯಾಕ್ಟರ್ ಬಂತು, ಹೋತು, ಲಕ್ಷ್ಮಿ ಒಮ್ಮೆ ನೋಡಿ ಮತ್ತ ಹುಲ್ಲಿಗೆ ಬಾಯಿ ಹಾಕಿತು. ಹುಡುಗಿ ಇದನ್ನ ನೋಡಿದ್ಲು, ಆ ದಿನನ ಏರಿದ್ಲು. ಅಪ್ಪ ರೀಲ್ ಮಾಡೂದು ಅವತ್ತಿಂದ ಬಂದ್, ಅದು ಅವ್ವನ ಆರ್ಡರು.

ಈ ಕೇಸಿನಿಂದ ನಮ್ಮಲ್ಲಿ ಬದಲಾದದ್ದು ಅಂದ್ರ, ಈಗ ಹೊಸಾ ಮಕ್ಕಳು ಯಾರೇ ಬಂದ್ರೂ ಮದಲ ಡ್ರಮ್ಮಿನಿಂದ ಇಳಿಯೂದು ಕಲೀತಾರ, ಅಂಜೂ ಮಕ್ಕಳಷ್ಟ ಅಲ್ಲ, ಧೈರ್ಯ ಇದ್ದವರೂ. ಧೈರ್ಯ ಇದ್ದವರಿಗೆ ಇನ್ನೂ ಜಾಸ್ತಿ ಬೇಕು, ಅವು ಇಳಿಯೂದು ಅಂದ್ರ ಜಿಗಿಯೂದು ಅನಕೊಂಡಿರತಾವ. ಲಗಾಮು ಮಕ್ಕಳ ಕೈಗೆ ಕೊಡೂದು ಭಾಳ ತಡ. ಮತ್ತ ಅಪ್ಪ ಅವ್ವನ ಮುಂದ "ಸಾಕು" ಠರಾವು ಮದಲ ಆಗಬೇಕು, ಯಾಕಂದ್ರ ಅದನ್ನ ಮುರಿಯೂದು ಮಕ್ಕಳಲ್ಲ. ಬ್ಯಾರೆ ಕಡೆ ಮಕ್ಕಳನ್ನ ಹಾಕೂ ಮುಂದ ಕುದರಿ ಬಾಯಿ ತಗಸಿ ಕಡಿವಾಣ ನೋಡ್ರಿ, ಬೆನ್ನ ಮ್ಯಾಲ ಗಾಯ ಐತೇನು ತಡಿ ಎತ್ತಿ ನೋಡ್ರಿ, ಗ್ಲ್ಯಾಂಡರ್ಸ್ ರಕ್ತ ಪರೀಕ್ಷಾ ಆಗೇತೇನು ಕೇಳ್ರಿ, ಆ ರೋಗ ಕುದರಿಯಿಂದ ಮನಷ್ಯಾರಿಗೂ ಬರತೈತಿ. ಕೇಳಿದ್ದಕ್ಕ ಸಿಟ್ಟಾದ್ರ ವಾಪಸ್ ಬರ್ರಿ.

ಮುತ್ಯಾ ಮಾತ್ರ ಇನ್ನೂ ಒಪ್ಪಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಹೊತ್ತಿಗೆ ಮೊಮ್ಮಗಳು ಕುದರಿ ಓಡಸಬೇಕು ಅಂತ ಅವರಿಗೆ ಆಸೆ ಇತ್ತು, ಆಗಲಿಲ್ಲ. ಪುಟ್ಟಿ ಈಗ ನಾವು ಕುದರಿ ಹಗ್ಗ ಹಿಡದಾಗ ನಡಿಗಿ ಆರಾಮ ಮಾಡ್ತಾಳ, ದುಡಕಿ ಚಾಲ್, ಅಂದ್ರ ಕುದರಿಯ ಸಣ್ಣ ಓಟ, ಇತ್ತೀಚಿಗೆ ಶುರು ಆಗೇತಿ, ಅದರಾಗ ಕಾಲು ಎರಡೆರಡಾಗಿ ನೆಲಕ್ಕ ಬಡಿಯೂದ್ರಿಂದ ಮೈ ಎತ್ತಿ ಹಾಕತೈತಿ, ನಾಲ್ಕಾರು ಹೆಜ್ಜಿಗೆ ನಗ್ಕೋತ "ಸಾಕು" ಅಂತಾಳ. ಮದುವಿ ಮೆರವಣಿಗಿ ಕುದರಿ ಹತ್ರ ಈಗೂ ಹೋಗಂಗಿಲ್ಲ, ನಾವೂ ಹೋಗು ಅನ್ನಂಗಿಲ್ಲ. ಇಲ್ಲೀತನಾ ಏರಿದ್ದು ಲಕ್ಷ್ಮಿ ಒಂದರ ಮ್ಯಾಲ ಅಷ್ಟ, ಅದೊಂದು ಕೊರತಿ, ಒಂದೇ ಕುದರಿಗೆ ಹೊಂದಿದ ಮಗು ಬ್ಯಾರೆ ಕುದರಿ ಮ್ಯಾಲ ಹೆಂಗ ಇರತೈತಿ ಅಂತ ಹೇಳಾಕ ಬರಂಗಿಲ್ಲ. ಬ್ಯಾಸಗಿ ಬಿಸಿಲು ಏರಾಕತ್ತೈತಿ, ಕ್ಲಾಸು ಏಳೂವರಿ ಒಳಗ ಮುಗಸ್ತೀವಿ. ಮುಂದಿಂದು ನಮ್ಮಲ್ಲಿರೂ ಬೀಜ ಒಡದ ಗಂಡ ಕುದರಿ, ಎತ್ತರ 58 ಇಂಚು, ಲಕ್ಷ್ಮಿಗಿಂತ ಆರು ಇಂಚು ಜಾಸ್ತಿ. ಅದಕ್ಕ ಈ ವಾರ ಡ್ರಮ್ಮಿನ ಚೌಕಟ್ಟಿನ ಕೆಳಗ ಕಲ್ಲು ಕೊಟ್ಟು ಎತ್ತರ ಮಾಡೀವಿ, ಅಪ್ಪ ನೋಡಿ ಮತ್ತ ಡ್ರಮ್ಮೇನ್ರಿ ಅಂದ್ರು.